ಬಾಳವ್ವನ ಒದೆ

ಬಹಳ ಹಿಂದೆ, ಒಂದೂರಿನಲ್ಲಿ ಬಾಳವ್ವ ಅಂತ ಒಬ್ಬಳಿದ್ದಳು. ಯಾವ ಊರು ಅಂತ ಕೇಳಬೇಡಿ. ಹಳ್ಳದ ಆಚೆಯವರು ನಮ್ಮೂರು ಅಂತಾರೆ, ಈಚೆಯವರು ನಮ್ಮೂರು ಅಂತಾರೆ, ಆ ಜಗಳ ಇನ್ನೂ ಮುಗಿದಿಲ್ಲ. ಕುರಿ ಹೆಚ್ಚು, ಮರ ಕಡಿಮೆ, ಎರೆನೆಲದ ಊರು ಅಂತ ತಿಳಿದುಕೊಳ್ಳಿ, ಸಾಕು. ಅರ್ಧ ಊರು ಕುರಿ ಕಾಯುತ್ತಿತ್ತು, ಇನ್ನರ್ಧ ಊರು ಕಂಬಳಿ ನೇಯುತ್ತಿತ್ತು. ಹಗ್ಗ ಹೊಸೆಯುವ ಮನೆ ಒಂದೇ ಒಂದು. ಬಾಳವ್ವ ಹುಟ್ಟಿದ್ದು ಆ ಮನೆಯಲ್ಲಿ.

ಹುಟ್ಟಿದ್ದಾದರೂ ಎಲ್ಲರ ಹಾಗೆ ಹುಟ್ಟಿದಳೇ? ಕೂಸು ಮೊದಲು ತಲೆ ತೋರಿಸಬೇಕು, ಇದು ಕಾಲು ತೋರಿಸಿತಂತೆ. ಸೂಲಗಿತ್ತಿಗೆ ಜೀವ ಬಾಯಿಗೆ ಬಂದಿತ್ತಂತೆ. ನೆನಪಿದ್ದ ದೇವರ ಹೆಸರನ್ನೆಲ್ಲ ಹೇಳುತ್ತ, ನೆನಪಿಲ್ಲದ ದೇವರಿಗೂ ಒಂದು ಕೈ ಮುಗಿದು, ಮೆಲ್ಲಗೆ ಹೊರಗೆ ತೆಗೆದಳಂತೆ. ತಾಯಿಯೂ ಉಳಿದಳು, ಕೂಸೂ ಉಳಿಯಿತು. ಬಾಳಿ ಬದುಕಲಿ ಅಂತ ಬಾಳವ್ವ ಎಂದು ಹೆಸರಿಟ್ಟರು.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಹೋಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಇದೆಯಲ್ಲ, ಅದು ಆಗಲೂ ಇತ್ತು. ಬಾಳವ್ವನಿಗೆ ನಡೆಯಲು ಬರುವ ಮೊದಲೇ ಒದೆಯುವ ಕೆಲಸ ಶುರುವಾಯಿತು. ನೆರೆಮನೆಯ ಮುದುಕ ಬೆನ್ನು ಕೊಟ್ಟು ತೊಟ್ಟಿಲ ಪಕ್ಕ ಕೂತು ಒದೆಸಿಕೊಂಡು ಎದ್ದು ನಡೆದನಂತೆ. ಬಿದ್ದ ಎತ್ತು ಒದೆಸಿಕೊಂಡು ಎದ್ದು ನಿಂತಿತಂತೆ. ಈ ಕತೆ ಹೇಳುವ ಕೆಲವರು ಆ ಎತ್ತನ್ನು ಓಡಿಸಿಯೂ ಬಿಡುತ್ತಾರೆ. ನಾವು ನಿಲ್ಲಿಸಿ ಅಷ್ಟಕ್ಕೇ ಬಿಡೋಣ.

ದೊಡ್ಡವಳಾದ ಮೇಲಂತೂ ದೂರ ದೂರದ ಊರುಗಳಿಂದ ಜನ ಬರುತ್ತಿದ್ದರು. ಒಬ್ಬ ಗೌಡರಿಗೆ ಸೊಂಟ ಹಿಡಿದಿತ್ತಂತೆ. ಹೆಂಗಸಿನ ಕಾಲಿಂದ ಒದೆಸಿಕೊಂಡರೆ ಮರ್ಯಾದೆ ಏನಾದೀತು ಅಂತ ಮನೆಯಲ್ಲೇ ನರಳಿದರಂತೆ. ಕೊನೆಗೆ ನೋವು ಮರ್ಯಾದೆಗಿಂತ ದೊಡ್ಡದಾಯಿತು, ಗಾಡಿ ಕಟ್ಟಿಸಿಕೊಂಡು ಬಂದರು. ಬೆನ್ನ ಹಿಂದೆ ಒಂದು ಚಾಪೆ ಅಡ್ಡ ಹಿಡಿಸಿದರಂತೆ, ಒದೆ ಚಾಪೆಗೆ ಬಿದ್ದದ್ದು, ತಮಗಲ್ಲ ಅಂತ ಆಮೇಲೆ ಹೇಳಿಕೊಳ್ಳಲಿಕ್ಕೆ. ಬಾಳವ್ವ ಚಾಪೆಗೇ ಒದ್ದಳು. ಗೌಡರಿಗೂ ವಾಸಿಯಾಯಿತು.

ಒದೆಯ ಜೊತೆಗೆ ಒಂದು ಕಟ್ಟಳೆಯೂ ಇತ್ತು. ಅದನ್ನು ಮಾಡಿದವಳು ಬಾಳವ್ವನ ತಾಯಿ. ಒದೆಸಿಕೊಂಡವರು ಹಿಂದೆ ತಿರುಗಿ ನೋಡದೆ ಮನೆಯವರೆಗೆ ನಡೆದು ಹೋಗಬೇಕು, ಗಾಡಿ ಹತ್ತಬಾರದು. ಮುಂದಿನ ಅಮಾವಾಸ್ಯೆ ಕಳೆಯುವವರೆಗೆ ಹೊರೆ ಹೊರಬಾರದು. ಹೊತ್ತರೆ ಕಾಲಿನ ಗುಣ ಹೋಗುತ್ತದೆ. ಜನ ಹೆದರಿ ಹಾಗೇ ಮಾಡುತ್ತಿದ್ದರು. ಗೌಡರೂ ತಮ್ಮ ಗಾಡಿಯ ಹಿಂದೆ ತಾವೇ ನಡೆದು ಹೋದರಂತೆ.

ಒದೆಗೆ ಬಾಳವ್ವ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅವಳ ಹೊಟ್ಟೆಪಾಡು ಹಗ್ಗದ್ದು. ಪುಂಡಿನಾರು ನೆನೆಹಾಕಿ, ಬಡಿದು, ಎಳೆ ಬಿಡಿಸಿ ಹೊಸೆಯುತ್ತಿದ್ದಳು. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಗಳಿಗೆ ದಪ್ಪ ಹಗ್ಗ ಅವಳೇ ಕೊಡಬೇಕು, ಸವೆದರೆ ಅವಳೇ ಹೋಗಿ ಸರಿಮಾಡಬೇಕು. ಬಾಳವ್ವ ಹೊಸೆದ ಹಗ್ಗ ತಂದೆಯಿಂದ ಮಗನಿಗೆ ಬರುತ್ತಿತ್ತು ಅಂತಾರೆ. ಇರಬಹುದು.

ಬಾಳವ್ವನ ಮನೆಯ ಎದುರುಮನೆ ಮಾಳಪ್ಪನದು. ಕಂಬಳಿ ನೇಯುವವನು. ನಡುವೆ ಒಂದು ಓಣಿ ಅಷ್ಟೇ. ಅವನ ಅಪ್ಪ ಆ ಸೀಮೆಗೇ ಹೆಸರಾದ ನೇಯ್ಗೆಗಾರ, ಆಳೂ ಎತ್ತರ, ಬಾಗಿಲಲ್ಲಿ ಬಗ್ಗಿ ಬರಬೇಕು. ಪಡಸಾಲೆಯಲ್ಲಿ ಮಗ್ಗದ ಕುಣಿ ತೋಡಿದ್ದು ಅವನೇ. ಕುಣಿ ಅಂದರೆ ಗೊತ್ತಲ್ಲ, ನೇಯುವವನು ಅದರ ಅಂಚಿನಲ್ಲಿ ಕೂತು, ಕಾಲು ಒಳಗಿಳಿಸಿ, ಕೆಳಗಿನ ತುಳಿಮಣೆ ತುಳಿಯುತ್ತಾನೆ. ಮೇಲೆ ಕೈ ಲಾಳಿ ಎಸೆಯುತ್ತದೆ, ಹಲಗೆ ಹಿಡಿದು ಎಳೆ ಬಡಿಯುತ್ತದೆ. ಅಪ್ಪ ತೀರಿಕೊಂಡ ಮೇಲೆ ಮಾಳಪ್ಪ ಅದೇ ಕುಣಿಯಲ್ಲಿ ಕೂತ. ಕೂರುವ ಮೊದಲು ದಿನಾ ಕುಣಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅಪ್ಪನ ಮೇಲೆ ಅಷ್ಟು ಭಕ್ತಿ.

ಆ ವರ್ಷ ಜೊತೆಗೆ ನೇಯುತ್ತಿದ್ದ ತಮ್ಮ ಕುರಿ ಹೊಡೆದುಕೊಂಡು ದೂರ ಹೋಗಿಬಿಟ್ಟ. ಇಬ್ಬರ ಕೆಲಸ ಒಬ್ಬನ ಮೇಲೆ ಬಿತ್ತು. ಚಳಿ ಬರುವ ಮೊದಲು ಕೊಡಬೇಕಾದ ಕಂಬಳಿ ರಾಶಿ ಇದ್ದವು. ಮಾಳಪ್ಪ ಹೊತ್ತು ಹುಟ್ಟುವಾಗ ಕೂತರೆ ಹೊತ್ತು ಮುಳುಗುವಾಗ ಏಳುತ್ತಿದ್ದ. ಉಣ್ಣೆ ನೂಲು ದಪ್ಪ, ಹಲಗೆ ಭಾರ, ಬಡಿತ ಜೋರು. ಮೊದಮೊದಲು ಬಲಗೈ ಮೊಣಕೈಯ ಹೊರಬದಿಯಲ್ಲಿ ಸಣ್ಣಗೆ ನೋವು ಬಂತು. ಕೆಲಸ ಶುರು ಮಾಡುವಾಗ ಇರುತ್ತಿತ್ತು, ಕೈ ಬಿಸಿಯಾದ ಮೇಲೆ ಮಾಯವಾಗುತ್ತಿತ್ತು. ಮಾಯವಾಯಿತಲ್ಲ ಅಂತ ಇನ್ನಷ್ಟು ಬಡಿದ. ಆಮೇಲೆ ಆ ನೋವು ಮಾಯವಾಗುವುದನ್ನೇ ಬಿಟ್ಟಿತು.

ಒಂದು ದಿನ ಊಟಕ್ಕೆ ಕೂತವನು ನೀರಿನ ತಂಬಿಗೆ ಎತ್ತಲು ಹೋದ, ತಂಬಿಗೆ ಕೈಯಿಂದ ಜಾರಿ ತಾಟಿನ ಮೇಲೆ ಬಿತ್ತು. ಹೆಂಡತಿ ಲಗಮವ್ವ ಗಾಬರಿಯಾದಳು. ತೋಳು ನೋಡಿದರೆ ಮೊದಲಿನ ಹಾಗೇ ಗಟ್ಟಿಮುಟ್ಟಾಗಿದೆ, ಊರೆಲ್ಲ ಹೊಗಳುವ ತೋಳು. ಒಂದು ತಂಬಿಗೆ ನೀರು ಎತ್ತಲು ಬಾರದು, ಒದ್ದೆ ಧೋತರ ಹಿಂಡಲು ಬಾರದು. ಇದೇನು ಮಾಟವೋ ಮಂತ್ರವೋ ಅಂತ ಅವಳು ಅಳುವುದಕ್ಕೇ ಶುರು ಮಾಡಿದಳು.

ಅಳುವುದಕ್ಕೆ ಕಾರಣವೂ ಇತ್ತು, ಕೇಳಿ. ಆ ಊರಿನಲ್ಲಿ ಒಂದು ಪದ್ಧತಿ. ಕುರಿಯ ಉಣ್ಣೆ ಕತ್ತರಿಸುವ ಒಂದು ಕಾಲದಿಂದ ಮುಂದಿನ ಕಾಲದವರೆಗೆ ಯಾರ ಮಗ್ಗ ಸುಮ್ಮನಿರುತ್ತದೋ ಅವರ ಕುಣಿ ಮುಚ್ಚಬೇಕು. ಮನೆಯೊಳಗೆ ತೆರೆದ ಕುಣಿ ಕೆಲಸವಿಲ್ಲದೆ ಇರಬಾರದು, ಇದ್ದರೆ ಅದು ಮನೆಯವರನ್ನೇ ಕರೆಯುತ್ತದೆ ಅಂತ ನಂಬಿಕೆ. ಹೊಸ ಉಣ್ಣೆ ಬಂದ ದಿನ ಹಿರಿಯರು ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಸುರಿಯುತ್ತಾರೆ. ಒಮ್ಮೆ ಮುಚ್ಚಿದ ಕುಣಿಯನ್ನು ಆ ಮನೆಯವರು ಮತ್ತೆ ತೋಡುವಂತಿಲ್ಲ. ಅಪ್ಪ ತೋಡಿದ ಕುಣಿ ತನ್ನ ಕಾಲದಲ್ಲಿ ಮುಚ್ಚಿಹೋಗುತ್ತದಲ್ಲ ಅಂತ ಮಾಳಪ್ಪ ಕಂಗಾಲಾದ.

ಮಾಡುವುದನ್ನೆಲ್ಲ ಮಾಡಿದ. ಒಬ್ಬ ನರ ಬಿಡಿಸುತ್ತೇನೆ ಅಂತ ಕೈ ಹಿಡಿದು ಜಗ್ಗಿ ತಿರುವಿ ಕಣ್ಣಲ್ಲಿ ನೀರು ತರಿಸಿದ. ಇನ್ನೊಬ್ಬ ಕಾದ ಕಬ್ಬಿಣದಿಂದ ಮೊಣಕೈ ಮೇಲೆ ಬರೆ ಎಳೆದ. ಅದರಿಂದ ನೋವು ಒಂದಿದ್ದದ್ದು ಎರಡಾಯಿತು. ಕೊನೆಗೆ ಓಣಿ ದಾಟಿ ಬಾಳವ್ವನ ಅಂಗಳಕ್ಕೆ ಬಂದು ಕೈ ಚಾಚಿ ಕೂತ.

ಬಾಳವ್ವನಿಗೆ ಮನಸ್ಸಿರಲಿಲ್ಲ ಅಂತಾರೆ. ಸೊಂಟಕ್ಕೆ ಒದ್ದು ಗೊತ್ತು, ಬೆನ್ನಿಗೆ ಒದ್ದು ಗೊತ್ತು, ಕೈಗೆ ಯಾವತ್ತೂ ಒದ್ದವಳಲ್ಲ. ಆದರೆ ಎದುರುಮನೆಯವನು, ಕಣ್ಣೆದುರೇ ಬೆಳೆದ ಹುಡುಗ, ದೇವರ ಮುಂದೆ ಕೂತ ಹಾಗೆ ಕೂತಿದ್ದಾನೆ. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮೊಣಕೈಗೆ ಮೆಲ್ಲಗೆ ಕಾಲು ತಾಗಿಸಿದಳು.

ನೋವು ಹಗುರಾಯಿತು ಅಂತ ಮಾಳಪ್ಪ ಕುಣಿದಾಡಿಬಿಟ್ಟ. ಹಿಂದೆ ನೋಡದೆ ಮನೆಗೆ ನಡೆದ. ಮನೆ ಎಷ್ಟು ದೂರ? ಓಣಿಯಷ್ಟು ದೂರ. ಹೊರೆಯನ್ನೂ ಹೊರಲಿಲ್ಲ, ಕಟ್ಟಳೆ ಮೀರಲಿಲ್ಲ. ನೆಟ್ಟಗೆ ಹೋಗಿ ಮಗ್ಗದ ಮುಂದೆ ಕೂತು ಹೊತ್ತು ಮುಳುಗುವವರೆಗೆ ಬಡಿದ. ಮರುದಿನ ಬೆಳಿಗ್ಗೆ ಕೈ ಬೆರಳು ಮಡಚಲೂ ಬರಲಿಲ್ಲ.

ಬಾಳವ್ವನ ಕಾಲಿನ ಗುಣ ಹೋಯಿತು ಅಂತ ಊರಲ್ಲಿ ಗುಸುಗುಸು ಹಬ್ಬಿತು. ಓಣಿಯ ಆಚೆಯಿಂದ ಮಗ್ಗದ ಸದ್ದು ಕೇಳದಿದ್ದಾಗ ಬಾಳವ್ವನ ಹಗ್ಗ ಹೊಸೆಯುವ ಕೈ ನಿಲ್ಲುತ್ತಿತ್ತು. ಹಸಿ ಗಾಯದ ಮೇಲೆ ಕಾಲಿಟ್ಟ ಹಾಗಾಯಿತಲ್ಲ ಅಂತ ಅವಳು ಒಳಗೊಳಗೇ ಬೇಯುತ್ತಿದ್ದಳು.

ಇತ್ತ ಮಾಳಪ್ಪ ಹೆದರಿಕೆಗೆ ಇನ್ನೊಂದು ತುದಿಗೆ ಹೋದ. ಕೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ತೂಗುಬಿಟ್ಟ. ಉಣ್ಣುವುದು ಎಡಗೈಲಿ, ಮೀಸೆ ತಿರುವುವುದೂ ಎಡಗೈಲಿ. ಬೇಸಿಗೆ ಹೋಯಿತು, ಮಳೆ ಹೋಯಿತು. ನೋವು ಹೋಗಿದೆ ಅಂತ ಬಟ್ಟೆ ಬಿಚ್ಚಿದ. ತೋಳು ಸೊರಗಿ ಜೋಳದ ದಂಟಿನಂತಾಗಿತ್ತು. ಇರಲಿ, ನೋವಿಲ್ಲವಲ್ಲ ಅಂತ ಮಗ್ಗಕ್ಕೆ ಕೂತು ಹಿಂದೆ ಹೇಗೆ ಬಡಿಯುತ್ತಿದ್ದನೋ ಹಾಗೇ ಬಡಿದ. ಮಧ್ಯಾಹ್ನದೊಳಗೆ ಹಲಗೆ ಕೈಯಿಂದ ಜಾರಿತು. ಆಗ ಮಾಳಪ್ಪ ಕುಣಿಯ ಅಂಚಿನಲ್ಲಿ ಕೈ ಚೆಲ್ಲಿ ಕುಳಿತ. ಉಣ್ಣೆ ಕತ್ತರಿಸುವ ಕಾಲ ಹತ್ತಿರ ಬರುತ್ತಿತ್ತು.

ಅದೇ ದಿನಗಳಲ್ಲಿ ಬಾಳವ್ವ ಒಂದು ಕಪಿಲೆ ಬಾವಿಯ ಹಗ್ಗ ಸರಿಮಾಡಲು ಹೋಗಿದ್ದಳಂತೆ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ಹೋದರೆ ಚರ್ಮದ ಬಾನಿ ನೀರು ತುಂಬಿಕೊಂಡು ಮೇಲೆ ಬರುತ್ತದೆ, ಹಿಂದೆ ಹಿಂದೆ ಬಂದರೆ ಬಾನಿ ಕೆಳಗಿಳಿಯುತ್ತದೆ. ನಡುವೆ ಹಗ್ಗ, ರಾಟೆಯ ಮೇಲೆ ಹಾದು ಹೋಗುತ್ತದೆ. ಬಾವಿಯವನು ತೋಟದಲ್ಲಿ ನೀರು ಸಾಲಲಿಲ್ಲ ಅಂತ ಎತ್ತಿಗೆ ಬಿಡುವು ಕೊಡದೆ ಹೊಡೆದಿದ್ದ. ಎತ್ತು ಚೆನ್ನಾಗಿದ್ದವು, ಬಾನಿ ಚೆನ್ನಾಗಿತ್ತು. ರಾಟೆಗೆ ಉಜ್ಜುವ ಜಾಗದಲ್ಲಿ ಮಾತ್ರ ಹಗ್ಗ ಎಳೆ ಎಳೆಯಾಗಿ ಜೂಲು ಬಿಟ್ಟಿತ್ತು. ಮೂಲೆಯಲ್ಲಿ ಇನ್ನೊಂದು ಹಗ್ಗ ಇತ್ತಲ್ಲ, ಅದೆಲ್ಲಿ ಅಂತ ಬಾಳವ್ವ ಕೇಳಿದಳು. ವರ್ಷಗಟ್ಟಲೆ ಸುಮ್ಮನೆ ಬಿದ್ದಿತ್ತು, ನಿನ್ನೆ ಕಟ್ಟಿ ತುಂಬಿದ ಬಾನಿ ಎಳೆದ ಕೂಡಲೇ ಚಟ್ಟನೆ ಹೋಯಿತು ಅಂತ ಬಾವಿಯವನು ಬೈದುಕೊಂಡ.

ಬಾಳವ್ವ ಸವೆದ ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಎಳೆ ಎಳೆ ಬಿಡಿಸಿ ನೋಡಿದಳಂತೆ. ಹುಟ್ಟಿದಾಗಿನಿಂದ ನೋಡಿದ ಹಗ್ಗ, ಆವತ್ತು ಹೊಸದಾಗಿ ಕಂಡಿತು. ಇಷ್ಟು ವರ್ಷ ತನ್ನ ಒದೆಯಿಂದ ವಾಸಿಯಾದವರು ನೆನಪಾದರು. ಊರೂರು ನಡೆದು ಹೋದವರು, ಅಮಾವಾಸ್ಯೆವರೆಗೆ ಹೊರೆ ಇಳಿಸಿದವರು. ಅವರನ್ನು ವಾಸಿ ಮಾಡಿದ್ದು ಕಾಲೋ, ತಾಯಿಯ ಕಟ್ಟಳೆಯೋ ಅಂತ ಅವಳಿಗೇ ಅನುಮಾನ ಬಂತು. ಬೇರೆ ಯಾರಾದರೂ ಆಗಿದ್ದರೆ ಆ ಅನುಮಾನವನ್ನು ನುಂಗಿಕೊಂಡು ಸುಮ್ಮನಾಗುತ್ತಿದ್ದರು. ಬಾಳವ್ವ ಹಗ್ಗದ ಕೆಲಸ ಮುಗಿಸಿ ನೇರ ಮಾಳಪ್ಪನ ಮನೆಗೆ ಹೋದಳು.

“ನನ್ನ ಕಾಲಿಂದ ಇದು ಹೋಗಂಗಿಲ್ಲಪ್ಪ, ಆವತ್ತ ನಾ ಒದ್ದದ್ದ ತಪ್ಪಾತು,” ಅಂದಳು. “ನಿನ್ನ ತೋಳಿನಾಗಿನ ಮಾಂಸ ಅಂದ್ರ ಎತ್ತು. ಕೈ ಅಂದ್ರ ಬಾನಿ. ನಡುವ ಎಳಿಯೂ ನರ ಐತಲ್ಲ, ಅದು ಹಗ್ಗ. ಎತ್ತಿಗೆ ಏನೂ ಆಗಿಲ್ಲ. ಹಗ್ಗ ಮೊಣಕೈ ಹತ್ರ ಸವದೈತಿ. ಹರದಿಲ್ಲ ಮಾಳಪ್ಪ, ಸವದೈತಿ ಅಷ್ಟ.”

ಹರಿದಿಲ್ಲ ಅನ್ನುವ ಮಾತು ಕೇಳಿದ್ದೇ ಬಾಗಿಲ ಹಿಂದೆ ನಿಂತಿದ್ದ ಲಗಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳಂತೆ. ಮಾಟವಲ್ಲ, ಮಂತ್ರವಲ್ಲ, ಸವೆತ. ಹೆಸರಿಟ್ಟು ಕರೆಯಬಹುದಾದ ಕಾಯಿಲೆ ಅಂದರೆ ಅರ್ಧ ಭಾರ ಇಳಿದ ಹಾಗೆ.

ಅಲ್ಲಿಂದ ಮುಂದೆ ಬಾಳವ್ವ ಮಾಡಿಸಿದ್ದು ನೋಡಿ ಊರು ನಕ್ಕಿತು. ಕೈ ಸಿಡಿಯುವ ನೋವಿದ್ದ ಮೊದಲ ದಿನಗಳಲ್ಲಿ ಮಡಕೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿಸಿದಳು. ಜಗ್ಗುವವರನ್ನೂ ಬರೆ ಹಾಕುವವರನ್ನೂ ಹೊಸಿಲು ದಾಟಲು ಬಿಡಲಿಲ್ಲ. ಅವನು ಮತ್ತೆ ಕೊರಳಿಗೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಒಲೆಗೆ ಹಾಕಿದಳು. ಕೈ ಆಡಿಸು, ಉಣ್ಣು, ಮೀಸೆ ತಿರುವು, ಹಲಗೆ ಮಾತ್ರ ಹಿಡಿಯಬೇಡ ಅಂದಳು. ಉರಿ ಇಳಿದ ಮೇಲೆ ತಂಬಿಗೆಯ ಆಟ ಶುರುವಾಯಿತು. ಕಟ್ಟೆಯ ಮೇಲೆ ಮುಂಗೈ ಊರಬೇಕು, ಅಂಗೈ ಕೆಳಗೆ ಮಾಡಿ ಹಸ್ತ ಅಂಚಿನಾಚೆ ಬಿಡಬೇಕು. ಅದರಲ್ಲಿ ಒಂದು ಖಾಲಿ ತಂಬಿಗೆಯ ಕೊರಳು. ಎಡಗೈಯಿಂದ ಹಸ್ತ ಮೇಲೆತ್ತಿ ಕೊಡಬೇಕು, ಬಲಗೈ ಅದನ್ನು ಮೆಲ್ಲಗೆ, ಎತ್ತು ಹಿಂದೆ ಹಿಂದೆ ನಡೆದು ಬಾನಿ ಇಳಿಸುವಷ್ಟು ಮೆಲ್ಲಗೆ, ಕೆಳಗಿಳಿಸಬೇಕು. ಎತ್ತುವ ಕೆಲಸ ಎಡಗೈದು, ಇಳಿಸುವ ಕೆಲಸ ಬಲಗೈದು. ಬಾವಿಗಳಲ್ಲೂ ಸರಿಮಾಡಿದ ಹಗ್ಗಕ್ಕೆ ಅವಳು ಮೊದಲು ಖಾಲಿ ಬಾನಿ ಕಟ್ಟಿ ನಿಧಾನ ಇಳಿಸುತ್ತಿದ್ದಳು, ಆಮೇಲೆ ಕಾಲುಭಾಗ ನೀರು, ಆಮೇಲೆ ಅರ್ಧ. ಹಾಗೆ ಮಾಡಿದರೆ ಎಳೆಗಳು ಒಂದಕ್ಕೊಂದು ಕೂಡಿಕೊಂಡು ಬಿಗಿಯಾಗುತ್ತವೆ. ಮಾಳಪ್ಪನ ತಂಬಿಗೆಗೂ ದಿನ ಕಳೆದಂತೆ ಒಂದೊಂದು ಹಿಡಿ ಮರಳು ಬಿತ್ತು.

ಕಟ್ಟೆಯ ಮೇಲೆ ಕೂತು ಇಡೀ ದಿನ ತಂಬಿಗೆ ಇಳಿಸುವ ಗಂಡಸನ್ನು ನೋಡಿ ಹೋಗಿಬರುವವರೆಲ್ಲ ಒಂದೊಂದು ಮಾತು ಆಡಿದರು. ನೀರು ಯಾವಾಗ ಬರುತ್ತದೆ ಅಂತ ಕೇಳಿದರು. ಮಾಳಪ್ಪನಿಗೆ ನಾಚಿಕೆಯಾಗಿ ಬೇಗ ಮುಗಿಸಲೆಂದು ಒಂದೇ ಸಲ ಮರಳು ತುಂಬಿದ್ದೂ ಉಂಟು. ಮರುದಿನ ನೋವು ಹೆಚ್ಚಿತು. ಬಾಳವ್ವ ಬೈಯಲಿಲ್ಲ, ಲೆಕ್ಕ ಹೇಳಿಕೊಟ್ಟಳು. ಮಾಡುವಾಗ ಒಂದಿಷ್ಟು ನೋಯಲಿ, ಚಿಂತೆಯಿಲ್ಲ. ಬೆಳಿಗ್ಗೆ ಎದ್ದಾಗ ನೋವು ನಿನ್ನೆಯಷ್ಟೇ ಇದ್ದರೆ ಸರಿಯಾಗಿ ಮಾಡಿದ್ದೀ, ನಿನ್ನೆಗಿಂತ ಹೆಚ್ಚಿದ್ದರೆ ನಿನ್ನೆ ಅತಿ ಮಾಡಿದ್ದೀ, ಇವತ್ತು ಮರಳು ಇಳಿಸು. ಬೆಳಗು ಸುಳ್ಳು ಹೇಳುವುದಿಲ್ಲ ಅನ್ನುತ್ತಿದ್ದಳಂತೆ.

ಹಲಗೆಯ ಹಿಡಿಯನ್ನೂ ಅವಳು ಬಿಡಲಿಲ್ಲ. ತೆಳ್ಳಗಿನ ಹಿಡಿ ಹಿಡಿದರೆ ಮುಷ್ಟಿ ಬಿಗಿಯಬೇಕಾಗುತ್ತದೆ, ಬಿಗಿದಷ್ಟೂ ಹಗ್ಗಕ್ಕೆ ಎಳೆತ ಅಂತ ಹೇಳಿ, ಹಿಡಿಯ ಸುತ್ತ ಸಣ್ಣ ಹುರಿ ಒತ್ತೊತ್ತಾಗಿ ಸುತ್ತಿ ದಪ್ಪ ಮಾಡಿಕೊಟ್ಟಳು.

ತೋಳಿನಲ್ಲಿ ಮತ್ತೆ ಮಾಂಸ ತುಂಬಿತು. ತಂಬಿಗೆ ನೀರು ಕೈಯಲ್ಲಿ ನಿಂತಿತು. ಲಗಮವ್ವ ಒಂದು ದಿನ ಒದ್ದೆ ಸೀರೆಯ ಒಂದು ತುದಿ ಗಂಡನ ಕೈಗೆ ಕೊಟ್ಟಳು, ಅವನು ಹಿಂಡಿದ. ಇಬ್ಬರೂ ಆ ಸೀರೆಯನ್ನು ಹಿಂಡಿದ್ದೇ ಹಿಂಡಿದ್ದಂತೆ, ನೀರು ಮುಗಿದ ಮೇಲೂ.

ಅಷ್ಟರಲ್ಲಿ ಉಣ್ಣೆ ಕತ್ತರಿಸುವ ಕಾಲ ಬಂದೇಬಿಟ್ಟಿತು.

ಹೊಸ ಉಣ್ಣೆ ಬಂದ ದಿನ ಹಿರಿಯರು ಬಂದರು. ಮುಂದೆ ಬೀರಪ್ಪಜ್ಜ, ಊರಿನ ನೇಯ್ಗೆಯವರಿಗೆಲ್ಲ ದೊಡ್ಡವನು, ಕಟ್ಟುನಿಟ್ಟಿನ ಮನುಷ್ಯ. ಹಿಂದೆ ಮಣ್ಣಿನ ಬುಟ್ಟಿಗಳು. ಕೆಟ್ಟವನಲ್ಲ ಬೀರಪ್ಪಜ್ಜ, ಮಾಳಪ್ಪನ ಅಪ್ಪನ ಜೊತೆ ಆಡಿ ಬೆಳೆದವನು. ಪದ್ಧತಿ ಅಂದರೆ ಪದ್ಧತಿ. ವರ್ಷವಿಡೀ ಈ ಮಗ್ಗದಿಂದ ಒಂದು ಕಂಬಳಿಯೂ ಇಳಿದಿಲ್ಲ, ಇವತ್ತು ಹೊತ್ತು ಮುಳುಗುವುದರೊಳಗೆ ಬಟ್ಟೆ ಕಾಣದಿದ್ದರೆ ಕುಣಿ ಮುಚ್ಚುವುದೇ ಅಂತ ಹೇಳಿ ಗೋಡೆಗೆ ಒರಗಿ ಕೂತ. ಎಷ್ಟು ಬಟ್ಟೆ ಅಂತ ಬಾಳವ್ವ ಕೇಳಿದಳು. ಕಣ್ಣಿಗೆ ಕಾಣುವಷ್ಟು ಅಂದ. ಒಂದು ಗೇಣು ಕಾಣುತ್ತದೆಯೇ ಅಂತ ಕೇಳಿದಳು. ಬೀರಪ್ಪಜ್ಜ ತನ್ನ ಗೇಣು ಅಗಲಿಸಿ ನೋಡಿಕೊಂಡು, ಕಾಣುತ್ತದೆ ಅಂದ.

ಮಾಳಪ್ಪ ಕುಣಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತ. ಲಾಳಿ ಹೋಯಿತು, ಹಲಗೆ ಬಡಿಯಿತು. ಊರಿಗೇ ಆ ಸದ್ದು ಕೇಳಿ ಎಷ್ಟು ಕಾಲವಾಗಿತ್ತು. ಎರಡು ಬೆರಳಷ್ಟು ಬಟ್ಟೆ ಆಯಿತು, ಆರು ಬೆರಳಷ್ಟು ಆಯಿತು. ಆಮೇಲೆ ಅವನ ಮುಖ ಬಿಗಿಯಿತು. ಅದೇ ಜಾಗದಲ್ಲಿ ಅದೇ ನೋವು ಎದ್ದಿತು. ಎಲ್ಲರ ಕಣ್ಣೂ ಅವನ ಮೊಣಕೈ ಮೇಲೆ. ಲಗಮವ್ವ ಕಣ್ಣು ಮುಚ್ಚಿಕೊಂಡಳು. ಇಷ್ಟು ದಿನದ ತಂಬಿಗೆ, ಇಷ್ಟು ದಿನದ ಮರಳು, ಇನ್ನರ್ಧ ಗೇಣಿಗೆ ಸೋಲುವ ಹಾಗೆ ಕಂಡಿತು.

ಬಾಳವ್ವ ಮಾತ್ರ ಕೈ ನೋಡಲಿಲ್ಲ. ಹುಟ್ಟಿದಾಗಿನಿಂದ ಊರೆಲ್ಲ ಅವಳ ಕಾಲನ್ನೇ ನೋಡಿತ್ತು, ಹಾಗಾಗಿ ಅವಳ ಕಣ್ಣಿಗೂ ಮೊದಲು ಕಾಲೇ ಬೀಳುತ್ತಿತ್ತೋ ಏನೋ. ನೆಲದ ಮೇಲೆ ಕೂತಿದ್ದವಳು ಬಗ್ಗಿ ಕುಣಿಯೊಳಗೆ ನೋಡಿದಳು. ಮಾಳಪ್ಪನ ಕಾಲು ತುಳಿಮಣೆಯನ್ನು ಬೆರಳ ತುದಿಯಿಂದ ಹುಡುಕುತ್ತಿದ್ದವು. ಹಿಮ್ಮಡಿ ಗಾಳಿಯಲ್ಲಿತ್ತು. ಕಾಲು ಎಟುಕಲೆಂದು ಮೈ ಮುಂದೆ ಜಾರಿ ಕುಣಿಗೆ ಇಳಿದಿತ್ತು, ಮೈ ಇಳಿದದ್ದಕ್ಕೆ ಮಗ್ಗ ಎತ್ತರವಾಗಿತ್ತು. ಒಂದೊಂದು ಬಡಿತಕ್ಕೂ ತೋಳು ಭುಜದಿಂದ ಪೂರಾ ಚಾಚಬೇಕಾಗಿತ್ತು. ಇಷ್ಟು ವರ್ಷವೂ ಹೀಗೇ ಚಾಚಿದ್ದ. ಹಗ್ಗ ಸವೆದದ್ದು ನೋಡಿದ್ದಳು, ರಾಟೆಯೇ ವಾರೆ ಇದ್ದದ್ದು ಈಗ ಕಂಡಿತು.

ನಿಲ್ಲಿಸು ಅಂದಳು. ಆಮೇಲೆ ಬೀರಪ್ಪಜ್ಜನ ಕಡೆ ತಿರುಗಿದಳು. “ಅಜ್ಜಾ, ಆ ಮಣ್ಣಿನ ಬುಟ್ಟಿ ಇತ್ತ ಕೊಡ್ರಿ. ಕುಣಿಗೆ ಹಾಕೂದೈತಿ.”

ಮುಗಿಯಿತು, ಬಾಳವ್ವನೂ ಕೈಬಿಟ್ಟಳು ಅಂತ ಎಲ್ಲರೂ ತಿಳಿದರು. ಲಗಮವ್ವ ಓಡಿಬಂದು ಬುಟ್ಟಿಗೆ ಅಡ್ಡ ನಿಂತಳು. ಬಾಳವ್ವ ಮಾಳಪ್ಪನನ್ನು ಎಬ್ಬಿಸಿ, ತುಳಿಮಣೆ ಬಿಚ್ಚಿಸಿ, ತಾನೇ ಕುಣಿಗಿಳಿದಳು. ಒಂದು ಬುಟ್ಟಿ ಸುರಿಸಿದಳು, ನೀರು ಚಿಮುಕಿಸಿ ತುಳಿದಳು. ಇನ್ನೊಂದು ಸುರಿಸಿದಳು, ತುಳಿದಳು. ಆಗ ಅವಳು ಏನು ಮಾಡುತ್ತಿದ್ದಾಳೆ ಅಂತ ಮಾಳಪ್ಪನಿಗೆ ಹೊಳೆಯಿತು. ಅಪ್ಪ ತೋಡಿದ ಕುಣಿ, ಅದರ ಆಳ ಕಡಿಮೆ ಮಾಡಬೇಡ ಅಂತ ಕೈ ಮುಗಿದು ಬೇಡಿಕೊಂಡ.

“ನಿಮ್ಮಪ್ಪನ ಕಾಲು ಉದ್ದಿದ್ವು. ನಿನಗ ಬಂದದ್ದು ನಿಮ್ಮವ್ವನ ಕಾಲು,” ಅಂದಳು ಬಾಳವ್ವ. “ಕುಣಿ ಯಾರಿಗಿ ಬೇಕೋ? ಇದ್ದಾಂವಗೋ, ಹೋದಾಂವಗೋ?”

ಬೀರಪ್ಪಜ್ಜ ಎದ್ದು ಮೂರನೇ ಬುಟ್ಟಿಯನ್ನು ತಾನೇ ಎತ್ತಿಕೊಟ್ಟನಂತೆ. ಸತ್ತ ಗೆಳೆಯನ ಎತ್ತರ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಳವ್ವ ಆ ಮಣ್ಣನ್ನು ತುಳಿದ ತುಳಿತ ಇದೆಯಲ್ಲ, ಅವಳು ಬದುಕಿನಲ್ಲಿ ಒದ್ದ ಒದೆಗಳಲ್ಲೆಲ್ಲ ಅದೇ ದೊಡ್ಡದು ಅಂತ ಹಿರಿಯರು ಈಗಲೂ ಹೇಳುತ್ತಾರೆ.

ತುಳಿಮಣೆ ಮೇಲೇರಿಸಿ ಕಟ್ಟಿದರು. ಕೂರುವ ಜಾಗಕ್ಕೆ ಒಂದು ಹಳೆಯ ಕಂಬಳಿ ಮಡಚಿ ಹಾಕಿದರು. ಮಾಳಪ್ಪ ಅಳುಕುತ್ತ ಕೂತ. ಹಿಮ್ಮಡಿ ನೆಲ ಮುಟ್ಟಿತು, ಬೆನ್ನು ನೆಟ್ಟಗಾಯಿತು, ಮೊಣಕೈ ತಾನಾಗಿ ಪಕ್ಕೆಯ ಹತ್ತಿರ ಬಂತು. ಕೈಗೆ ಒಂದಿಷ್ಟು ಬಿಡುವು ಕೊಟ್ಟು ಲಾಳಿ ಎಸೆದ. ಬಡಿದ. ಇನ್ನೊಂದು ಸಲ ಬಡಿದ. ಆಮೇಲೆ ನಗತೊಡಗಿದ. ನಗುತ್ತ ಅಳುತ್ತ ಉಳಿದ ಅರ್ಧ ಗೇಣು ನೇಯ್ದು ಮುಗಿಸಿದ. ಬೀರಪ್ಪಜ್ಜ ಬಂದು ಬಟ್ಟೆಯ ಮೇಲೆ ಗೇಣು ಇಟ್ಟು ನೋಡಿ, ಮಿಕ್ಕ ಬುಟ್ಟಿಗಳನ್ನು ಹೊರಗೆ ಒಯ್ಯಿರಿ ಅಂದ. ಲಗಮವ್ವ ಬಂದವರಿಗೆಲ್ಲ ಮಜ್ಜಿಗೆ ಕೊಟ್ಟಳು. ಆ ಮನೆಯಲ್ಲಿ ವರ್ಷದ ಮೇಲೆ ಎಲ್ಲರೂ ಹೊಟ್ಟೆ ತಣ್ಣಗೆ ಮಾಡಿಕೊಂಡು ಕೂತರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನೇಯುವವನ ಬುದ್ಧಿ ನಿಮಗೆ ಗೊತ್ತಿಲ್ಲ. ನೋವು ಹೋದ ಮೇಲೆ ಮಾಳಪ್ಪನನ್ನು ಮಗ್ಗದಿಂದ ಎಬ್ಬಿಸುವುದೇ ಕಷ್ಟವಾಯಿತು. ಮೊದಲ ದಿನ ಗೇಣು, ಆಮೇಲೆ ಗೇಣಿಗೆ ಗೇಣು ಕೂಡಿಸುತ್ತ ಹೋಗಬೇಕು, ನಡುನಡುವೆ ಎದ್ದು ಕೈ ಕೊಡವಿ ಬರಬೇಕು ಅಂತ ಬಾಳವ್ವ ಹೇಳಿದ್ದಳು. ಲಗಮವ್ವ ಏಳು ಅಂದರೆ ಇದೊಂದು ಎಳೆ ಅನ್ನುತ್ತಿದ್ದ. ಆ ಒಂದು ಎಳೆ ಮುಗಿದದ್ದನ್ನು ಯಾರೂ ನೋಡಲಿಲ್ಲ. ಆಗ ಬಾಳವ್ವ ಓಣಿ ದಾಟಿ ಬಂದು, ಸದ್ದು ಮಾಡದೆ ಹಿಂದೆ ನಿಂತು, ಅವನ ಬೆನ್ನಿಗೆ ಕಾಲಿನಿಂದ ಮೆಲ್ಲಗೆ ಒಂದು ಒದೆ ಕೊಡುತ್ತಿದ್ದಳು. ಬಾಳವ್ವನ ಒದೆಗೆ ಎದುರಾಡುವವರುಂಟೇ? ಎದ್ದು ಹೋಗುತ್ತಿದ್ದ.

ವರ್ಷಗಳು ಕಳೆದವು. ಬಾಳವ್ವನಿಗೆ ವಯಸ್ಸಾಯಿತು. ಊರಿನ ಉಳುಕೆಲ್ಲ ಒದ್ದ ಕಾಲಿಗೆ ಓಣಿ ದಾಟುವುದೂ ಆಗದಾಯಿತು. ಲಗಮವ್ವನನ್ನು ಹತ್ತಿರ ಕರೆದು ಕೂರಿಸಿಕೊಂಡಳಂತೆ.

“ನನ್ನ ಕಾಲು ಇನ್ನ ನಿನ್ನ ಮನಿತನಾ ಬರಂಗಿಲ್ಲವ್ವ,” ಅಂದಳು. “ಇನ್ನ ಮ್ಯಾಲ ನೀನ ಒದಿ. ಕಾಲು ನಿಂದು, ಒದಿ ನಂದು.”

ಹೆಂಡತಿ ಗಂಡನನ್ನು ಒದೆಯುವುದು! ಲಗಮವ್ವ ಕಿವಿ ಮುಚ್ಚಿಕೊಂಡಳು. ಊರು ಬಾಯಿ ಮೇಲೆ ಬೆರಳಿಟ್ಟಿತು. ಆದರೆ ಮಾಳಪ್ಪ ಹೊತ್ತು ಮರೆತು ಬಡಿಯುತ್ತಿದ್ದ ಒಂದು ಮಧ್ಯಾಹ್ನ, ಅವಳು ಮನಸ್ಸಿನಲ್ಲೇ ತಪ್ಪಾಯಿತು ಅನ್ನುತ್ತ ಅವನ ಬೆನ್ನಿಗೆ ಕಾಲು ತಾಗಿಸಿಯೇಬಿಟ್ಟಳು. ಮಾಳಪ್ಪ ಕಣ್ಣು ಕೆಂಪು ಮಾಡಿಕೊಂಡು ತಿರುಗಿದ. ಹೆಂಡತಿಯ ಮುಖ ನೋಡಿದ, ತೆರೆದ ಬಾಗಿಲಿನಾಚೆ ಓಣಿಯ ಕಡೆ ನೋಡಿದ. ಎದುರಿನ ಅಂಗಳದಲ್ಲಿ ಬಾಳವ್ವ ಹೊರಸಿನ ಮೇಲೆ ಮಲಗಿದ್ದಳು. ಬಾಳವ್ವ ಬಂದಳು ಅಂತ ಹೇಳಿ ಎದ್ದುಹೋಗಿ ಕೈ ಕೊಡವಿ ನೀರು ಕುಡಿದನಂತೆ. ಮುಪ್ಪಿನವರೆಗೂ ಅವನ ಮಗ್ಗ ನಿಲ್ಲಲಿಲ್ಲ. ಬಾಳವ್ವ ತೀರಿಕೊಂಡಾಗ ಅವಳಿಗೆ ಹೊದಿಸಿದ್ದು ಅವನು ನೇಯ್ದ ಕಂಬಳಿ.

ಈಗಲೂ ಹಳ್ಳದ ಆಚೆ ಈಚೆಯ ಊರುಗಳಲ್ಲಿ ಅಪ್ಪನ ಕುಣಿಗೆ ಮಗ ಇಳಿಯುವ ದಿನ, ಹಿಮ್ಮಡಿ ನೆಲ ಮುಟ್ಟುವವರೆಗೆ ಮಣ್ಣು ಹಾಕಿ ತುಳಿಯುತ್ತಾರೆ, ಇಲ್ಲವೇ ತೋಡಿ ತೆಗೆಯುತ್ತಾರೆ. ಹೊಸ ಉಣ್ಣೆ ಬಂದ ಮೊದಲ ದಿನ ಎಂಥ ಗಟ್ಟಿಗನೂ ಒಂದು ಗೇಣಿಗಿಂತ ಹೆಚ್ಚು ನೇಯುವುದಿಲ್ಲ. ಇದೆಲ್ಲ ಸರಿ. ನೋಡಬೇಕಾದದ್ದು ಬೇರೆ ಇದೆ. ಹೊತ್ತಿನ ಮೇಲೆ ಹೊತ್ತು ಹೋದರೂ ಮಗ್ಗ ಬಿಟ್ಟೇಳದ ಮುದುಕ ಮಾವನ ಹಿಂದೆ, ಅವನೆದುರು ದನಿಯೆತ್ತಿ ಮಾತಾಡದ ಸೊಸೆ ಬಂದು ನಿಲ್ಲುತ್ತಾಳೆ. ಸೆರಗು ತಲೆ ಮೇಲೆ ಎಳೆದುಕೊಂಡು, ಕಾಲು ಎತ್ತಿ ಅವನ ಬೆನ್ನಿಗೆ ಮೆಲ್ಲಗೆ ತಾಗಿಸುತ್ತಾಳೆ. ಆಮೇಲೆ ಬಗ್ಗಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾಳೆ. ಮಾವ ಗೊಣಗುತ್ತ ಎದ್ದು, ಕೈ ಕೊಡವುತ್ತ ಅಂಗಳಕ್ಕೆ ಹೋಗುತ್ತಾನೆ. ಯಾಕಜ್ಜ ಎದ್ದಿರಿ ಅಂತ ದಾರಿಯಲ್ಲಿ ಹೋಗುವವರು ಕೇಳಿದರೆ ಅವನು ಸೊಸೆಯ ಹೆಸರು ಹೇಳುವುದಿಲ್ಲ.

“ಬಾಳವ್ವ ಬಂದಿದ್ಲು,” ಅಂತಾನೆ.